ತಿಂಗಳಿಗೆ ಮೂರು ದಿನ ಸಂಬಳ ಕಟ್, ಈಗ ಆಪರೇಷನ್‌ಗೆ ಅಮ್ಮನ ಬಳೆ ಅಡ ಇಡಬೇಕಾ?

ಮಂಡಕ್ಕಿ_ಖಾರ (ದಾವಣಗೆರೆ)
ನನಗೆ 27. ಇಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ, ಸಂಬಳ 16,000. ಹೋದ ತಿಂಗಳು ಎಂಡೊಮೆಟ್ರಿಯೋಸಿಸ್ ಅಂತ ಗೊತ್ತಾಯಿತು, ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆದು ಮುಟ್ಟಿನಲ್ಲಿ ವಿಪರೀತ ನೋವು ಕೊಡೋ ಕಾಯಿಲೆ. ಅಷ್ಟು ಗೊತ್ತಾಗೋಕೆ ಆರು ವರ್ಷ. ಒಬ್ಬರು ಗ್ಯಾಸ್ಟ್ರಿಕ್ ಅಂದರು, ಇನ್ನೊಬ್ಬರು ಮದುವೆ ಆದರೆ ಸರಿ ಹೋಗುತ್ತೆ ಅಂದರು, ಹೋದಲ್ಲೆಲ್ಲ ಹೊಸ ಫೈಲು, ಹೊಸ ಸ್ಕ್ಯಾನಿಂಗ್, ರಿಪೋರ್ಟ್ ಮಾತ್ರ ಪ್ರತಿ ಸಲ ನಾರ್ಮಲ್.

ತಿಂಗಳಿಗೆ ಮೂರು ದಿನ ಹಾಸಿಗೆಯಿಂದ ಏಳೋಕೇ ಆಗಲ್ಲ. ದಿನಕ್ಕೆ 533 ಹಿಡಿಯುತ್ತಾರೆ. ನಿನ್ನೆ ರಾತ್ರಿ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಕೂಡಿಸಿದೆ, ವರ್ಷಕ್ಕೆ 19,000 ಚಿಲ್ಲರೆ! ಇದಕ್ಕೆ ಕೊಟ್ಟಿರೋ ಡೈನೋಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆಗೆ ತಿಂಗಳಿಗೆ 1,400 ಬೇರೆ. ಈಗ ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡೋ ಆಪರೇಷನ್) ಮಾಡಿಸಿ, 1 ಲಕ್ಷದ ಮೇಲಾಗುತ್ತೆ ಅಂದಿದ್ದಾರೆ. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡ್ತಾರೆ. ಅಮ್ಮ ಆಗಲೇ ಬಳೆ ಬಿಚ್ಚಿ ಡಬ್ಬಿಗೆ ಹಾಕಿಟ್ಟಿದ್ದಾಳೆ. ನೀವೆಲ್ಲ ದುಡ್ಡು ಹೇಗೆ ಹೊಂದಿಸಿದಿರಿ?

ದುರ್ಗದವಳು
ನಾನು ಸಂಘದ ಸಾಲ ತೆಗೆದು ಮಾಡಿಸಿದೆ, ಇನ್ನೂ ಕಂತು ಕಟ್ಟುತ್ತಿದ್ದೇನೆ. ಇನ್ಶೂರೆನ್ಸ್ ಇತ್ತು ಕಣಮ್ಮ, ಆದರೆ ಪಾಲಿಸಿ ಮಾಡಿಸಿ ಒಂದೂವರೆ ವರ್ಷ ಆಗಿತ್ತು ಅಷ್ಟೇ. ಈ ಕಾಯಿಲೆಗೆ ಎರಡು ವರ್ಷ ಕಾಯಬೇಕು ಅಂತ ಒಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಯಾರು ಓದುತ್ತಾರೆ? ನಿಮ್ಮದು ಬಿಪಿಎಲ್ ಕಾರ್ಡಾ? ಹಾಗಿದ್ದರೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಮೊದಲು ಜಿಲ್ಲಾಸ್ಪತ್ರೆಗೆ ಹೋಗಿ ಕೇಳಿ. ನಮ್ಮದು ಎಪಿಎಲ್, ಪ್ಯಾಕೇಜ್ ದರದಲ್ಲಿ ಶೇ. 30 ಮಾತ್ರ ಸಿಗುತ್ತೆ.

ಪಗಾರ_ಲೆಕ್ಕ
ಬಳೆ ವಾಪಸ್ ಹಾಕಿಕೊಳ್ಳೋಕೆ ಹೇಳಿ ಅಮ್ಮನಿಗೆ. ಮೊದಲು ಸಂಬಳದ ಚೀಟಿ ತೆಗೆದು ನೋಡಿ, 120 ರೂಪಾಯಿ ಕಟ್ ಆಗಿದೆಯಾ? 16,000ಕ್ಕೆ ಶೇ. 0.75 ಅಂದರೆ ಅಷ್ಟೇ, ಅದು ಇಎಸ್‌ಐ, ನೌಕರರಿಗೆ ಸರ್ಕಾರದ ಆರೋಗ್ಯ ವಿಮೆ. ಸಂಬಳ 21,000ದ ಒಳಗಿದ್ದವರಿಗೆ ಅನ್ವಯ. ದಾವಣಗೆರೆಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಅವರ ಕೈಲಿ ಆಗದಿದ್ದರೆ ಅವರೇ ಬೇರೆ ಕಡೆ ಬರೆದು ಕಳಿಸುತ್ತಾರೆ. ನೀವೇ ಮೊದಲು ಪ್ರೈವೇಟ್‌ಗೆ ಹೋಗಿ ಅಡ್ಮಿಟ್ ಆಗಿ ಆಮೇಲೆ ಬಿಲ್ ಹಿಡಿದು ಓಡಾಡಬೇಡಿ, ಚಪ್ಪಲಿ ಸವೆಯುತ್ತೆ.

ರಜೆಗೂ ದುಡ್ಡು ಬರುತ್ತೆ, ಸಂಬಳದ ಶೇ. 70, ವರ್ಷಕ್ಕೆ 91 ದಿನದವರೆಗೆ. ಇಲ್ಲೊಂದು ಕೊಕ್ಕೆ ಇದೆ. ಮೊದಲ ಎರಡು ದಿನಕ್ಕೆ ಕೊಡಲ್ಲ. ಅಂದರೆ ನಿಮ್ಮ ತಿಂಗಳ ಮೂರು ದಿನದಲ್ಲಿ ಒಂದೇ ದಿನಕ್ಕೆ ಸಿಗೋದು, ಸುಮಾರು 373 ರೂಪಾಯಿ, ಅದಕ್ಕೆ ಸರ್ಟಿಫಿಕೇಟ್ ಕ್ಯೂನಲ್ಲಿ ಅರ್ಧ ದಿನ ನಿಲ್ಲಬೇಕು. ನೋವಲ್ಲಿ ಯಾರು ನಿಲ್ಲುತ್ತಾರೆ? ಆಪರೇಷನ್ ಆಗಿ 20 ದಿನ ರೆಸ್ಟ್ ಬರೆದರೆ ಮಾತ್ರ 18 ದಿನದ್ದು, ಹತ್ತಿರ ಹತ್ತಿರ 6,700 ಕೈಗೆ ಬರುತ್ತೆ.

ಸುಮ್ನೆ_ಓದೋಳು
ಆ ಕ್ಯಾಲೆಂಡರ್ ಲೆಕ್ಕ ಓದಿ ಇದು ನೆನಪಾಯಿತು. ಯುರೋಪಿನ ಒಂಬತ್ತು ದೇಶ, ಜೊತೆಗೆ ಅಮೆರಿಕದಲ್ಲಿ ಮಾಡಿದ ಒಂದು ಅಧ್ಯಯನ 2012ರಲ್ಲಿ ಬಂತು. ಈ ಕಾಯಿಲೆಗೆ ದೊಡ್ಡಾಸ್ಪತ್ರೆಗಳಲ್ಲಿ ತೋರಿಸಿಕೊಳ್ಳುತ್ತಿದ್ದವರಿಗೆ ತಲಾ ವರ್ಷಕ್ಕೆ 9,579 ಯೂರೋ ಹೊರೆ, ಅದರಲ್ಲಿ ಮೂರನೇ ಎರಡು ಭಾಗ ನೋವಿನಿಂದ ಕೆಲಸ ಮಾಡಲಾಗದ್ದರ ನಷ್ಟ. ಔಷಧಿ, ಆಸ್ಪತ್ರೆ ಎಲ್ಲ ಸೇರಿದರೂ ಅಷ್ಟಾಗಲಿಲ್ಲ. ನಮ್ಮ ಕಡೆ ಮನೆಯವರು ಮಾತ್ರೆ ಬಿಲ್ ನೋಡಿ ಅಯ್ಯೋ ಅಂತಾರೆ, ಹೋದ ಸಂಬಳವನ್ನು ಯಾರೂ ಎಣಿಸಲ್ಲ, ಅಲ್ವಾ?

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತಲ್ಲ, ನಿಮ್ಮ ಅಂಗಡಿಯಲ್ಲಿ ಕೇಳಿ ನೋಡಿದ್ದೀರಾ?

ಮಂಡಕ್ಕಿ_ಖಾರ
ಕೇಳಿದೆ ಅಕ್ಕ. ಓನರ್ ನಕ್ಕು "ಹಾಗಾದರೆ ಹುಡುಗರನ್ನೇ ಇಟ್ಟುಕೊಳ್ತೀನಿ" ಅಂದರು. ಮತ್ತೆ ಕೇಳೋ ಧೈರ್ಯ ಇಲ್ಲ.

@ಪಗಾರ_ಲೆಕ್ಕ ಅಣ್ಣ, ಚೀಟಿ ನೋಡಿದೆ. 120 ಕಟ್ ಆಗಿದೆ! ಮೂರು ವರ್ಷದಿಂದ ಆಗ್ತಾ ಇದೆ, ಅದೇನೋ ಪಿಎಫ್ ಇರಬೇಕು ಅಂದುಕೊಂಡಿದ್ದೆ. ಸೋಮವಾರ ಅರ್ಧ ದಿನ ರಜೆ ಹಾಕಿ ಹೋಗ್ತೀನಿ, 266 ಹೋದರೆ ಹೋಗಲಿ. ಹಳೇ ಸ್ಕ್ಯಾನಿಂಗ್ ರಿಪೋರ್ಟ್ ಎಲ್ಲ ಒಯ್ಯಬೇಕಾ, ಹೊಸದೊಂದೇ ಸಾಕಾ?

ಪಗಾರ_ಲೆಕ್ಕ
ಎಲ್ಲಾ ಒಯ್ಯಿರಿ, ಜೆರಾಕ್ಸ್ ಮಾಡಿಸಿ. ಆಧಾರ್ ಮರೀಬೇಡಿ.