ಟೋ ಸರಿಯಿದ್ದರೂ ಎಡ ಮುಂದಿನ ಟೈರ್ ಒಳಬದಿ ಸವೆಯುತ್ತಿದೆ, ಏನು ನೋಡಬೇಕು?

ಘಟ್ಟದ_ಹ್ಯಾಚ್

ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಜೋಡಿಸುವ ತೊಲೆ). ಟೈರ್ 185/65 ಆರ್15, ಓಡಿದ್ದು 22,000 ಕಿ.ಮೀ. ಓಡಾಟ ಬಹುಪಾಲು ಹಾಸನ–ಮಂಗಳೂರು, ಶಿರಾಡಿ ಘಾಟಿ ಮೇಲೆ. ಗಾಳಿ ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಇದೆ, ಟೈರ್ ತಣ್ಣಗಿದ್ದಾಗ ನೋಡಿದ್ದು.

ಗೇಜ್ ಇಟ್ಟು ಅಳೆದ ಗ್ರಿಪ್ ಆಳ, ಮಿ.ಮೀ.ಗಳಲ್ಲಿ (ಒಳ / ನಡು / ಹೊರ):
ಎಡ ಮುಂದೆ 2.1 / 4.6 / 4.9
ಬಲ ಮುಂದೆ 4.3 / 4.8 / 4.5
ಹಿಂದಿನ ಎರಡೂ 5.5ರ ಆಸುಪಾಸು, ಸಮವಾಗಿವೆ.

ಅಲೈನ್‌ಮೆಂಟ್ ಪ್ರಿಂಟ್‌ನಲ್ಲಿ ಮುಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಮುಖ ಅಥವಾ ಹೊರಮುಖ ತಿರುಗಿರುವ ಕೋನ) ಎರಡೂ ಕಡೆ ಹಸಿರು, ಅಂದರೆ ಮಿತಿಯೊಳಗೆ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ; ಮೈನಸ್ ಅಂದರೆ ತಲೆಭಾಗ ಒಳಕ್ಕೆ) ಎಡಕ್ಕೆ ಮೈನಸ್ 1°35′, ಬಲಕ್ಕೆ ಮೈನಸ್ 0°30′. "ಈ ಗಾಡೀಲಿ ಕ್ಯಾಂಬರ್ ಅಡ್ಜಸ್ಟ್ ಆಗಲ್ಲ, ಬಿಡಿ" ಅಂದರು. 60 ದಾಟಿದರೆ ಎಡಗಡೆಯಿಂದ ಗುಂಯ್ ಅನ್ನುವ ಸದ್ದು. ಹೊಸ ಟೈರ್ ಹಾಕಿಸುವ ಮೊದಲು ಏನೇನು ನೋಡಬೇಕು?

ಪಾನಾ_17

ಗಾಳಿಯ ಮೇಲೆ ಅನುಮಾನ ಬೇಡ. ಗಾಳಿ ಕಡಿಮೆಯಾಗಿದ್ದರೆ ಎರಡೂ ಅಂಚು ಸವೆಯುತ್ತಿದ್ದವು, ಹೆಚ್ಚಾಗಿದ್ದರೆ ನಡುಭಾಗ. ಘಾಟಿಯ ತಿರುವುಗಳು ತಿನ್ನುವುದು ಹೊರ ಅಂಚನ್ನು, ಅದೂ ಮುಂದಿನ ಎರಡೂ ಟೈರಿನಲ್ಲಿ. ನಿಮ್ಮದರಲ್ಲಿ ಒಂದೇ ಟೈರ್, ಒಂದೇ ಅಂಚು.

"ಅಡ್ಜಸ್ಟ್ ಆಗಲ್ಲ" ಅಂದದ್ದು ನಿಜ. "ಬಿಡಿ" ಅಂದದ್ದು ತಪ್ಪು. ಅಡ್ಜಸ್ಟ್‌ಮೆಂಟೇ ಇಲ್ಲದ ಕೋನ ತಾನಾಗಿ ಬದಲಾಗಲ್ಲ; ಎಲ್ಲೋ ಏನೋ ಬಾಗಿದೆ, ಕುಸಿದಿದೆ ಅಥವಾ ಸರಿದಿದೆ. ಎಡ-ಬಲದ ವ್ಯತ್ಯಾಸ ಅರ್ಧ ಡಿಗ್ರಿ ದಾಟಿದರೆ ಹುಡುಕಲೇಬೇಕು. ನಿಮ್ಮದು ಒಂದು ಡಿಗ್ರಿಗೂ ಮೇಲಿದೆ. ನಮ್ಮಲ್ಲಿ ರಸ್ತೆಯ ಅಂಚಿನ ಗುಂಡಿಗೆ ಬೀಳುವುದು ಎಡಚಕ್ರವೇ, ಹಾಗಾಗಿ ಎಡಗಡೆ ಕೆಟ್ಟಿರುವುದರಲ್ಲಿ ಆಶ್ಚರ್ಯವೂ ಇಲ್ಲ.

ಮನೆಯಲ್ಲೇ ಮಾಡಬಹುದಾದ್ದು:

ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಸ್ಟೀರಿಂಗ್ ನೇರ ಇಟ್ಟು, ಟೈರಿನ ಒಳಗೋಡೆಗೂ ಸ್ಟ್ರಟ್ ಮೈಗೂ ನಡುವಿನ ಸಂದಿಯನ್ನು ಎರಡೂ ಕಡೆ ಒಂದೇ ಎತ್ತರದಲ್ಲಿ ಅಳೆಯಿರಿ. ಎಡಗಡೆ ಸಂದಿ ಕಿರಿದಾಗಿದ್ದರೆ ಸ್ಟ್ರಟ್ ಅಥವಾ ನಕಲ್ (ಸ್ಟ್ರಟ್‌ನ ಬುಡಕ್ಕೆ ಬೋಲ್ಟಾಗಿ ಚಕ್ರವನ್ನು ಹೊರುವ ಭಾಗ) ಬಾಗಿದೆ. ಎರಡೂ ಕಡೆ ಒಂದೇ ಇದ್ದರೆ ಇಡೀ ಜೋಡಣೆಯೇ ವಾಲಿದೆ ಎಂದರ್ಥ: ಸ್ಪ್ರಿಂಗ್ ಕುಸಿದಿರಬಹುದು, ಸಬ್‌ಫ್ರೇಮ್ (ಸಸ್ಪೆನ್ಷನ್ ಕೂರುವ ಕೆಳಗಿನ ಚೌಕಟ್ಟು) ಸರಿದಿರಬಹುದು. ಸ್ಪ್ರಿಂಗ್‌ಗಾದರೆ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಎಡ-ಬಲ ಹೋಲಿಸಿ. ಸಬ್‌ಫ್ರೇಮ್ ಎಡಕ್ಕೆ ಸರಿದಿದ್ದರೆ ಎಡ ಕ್ಯಾಂಬರ್ ಎಷ್ಟು ಮೈನಸ್ ಕಡೆಗೆ ಹೋಗಿದೆಯೋ ಸುಮಾರು ಅಷ್ಟೇ ಬಲದ್ದು ಪ್ಲಸ್ ಕಡೆಗೆ ಹೋಗಿರುತ್ತದೆ. ಪ್ರಿಂಟ್‌ನಲ್ಲಿ ಕಂಪನಿ ಅಳತೆಯ ಕಾಲಂ ಇರುತ್ತದೆ. ಬಲಗಡೆ ಅದಕ್ಕೆ ಹೊಂದುತ್ತಿದ್ದರೆ ಸಬ್‌ಫ್ರೇಮ್ ಬಿಟ್ಟುಬಿಡಿ.

ಇನ್ನೊಂದು, ಅಂಗೈಯನ್ನು ಗ್ರಿಪ್ ಮೇಲೆ ಅಡ್ಡಲಾಗಿ, ಹೊರಗಿನಿಂದ ಒಳಕ್ಕೂ ಒಳಗಿನಿಂದ ಹೊರಕ್ಕೂ ಎಳೆಯಿರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಾಗೆ ಚುಚ್ಚಿದರೆ ಟೋ ದೋಷವೂ ಸೇರಿದೆ. ಎರಡೂ ಕಡೆಗೆ ನುಣುಪಾಗಿದ್ದರೆ ಬರೀ ಕ್ಯಾಂಬರ್. ಸುತ್ತಲೂ ಅಲ್ಲಲ್ಲಿ ಹಳ್ಳ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಕೂಡ ಮುಗಿದಿದೆ.

ಬುಷ್_ಮೊದಲು

ಮೇಲಿನವರು ಹೇಳಿದ್ದು ಸರಿ, ಆದ್ರೆ ಒಂದೂವರೆ ಡಿಗ್ರಿ ಕ್ಯಾಂಬರ್ ಒಂದೇ 22 ಸಾವಿರಕ್ಕೆ ಟೈರನ್ನ ಇಷ್ಟು ತಿನ್ನಲ್ಲ. ಜೊತೆಗೆ ಟೋ ಕೆಲಸ ಮಾಡ್ತಿದೆ ಅಂತ ನನ್ನ ಅಂದಾಜು, ಪ್ರಿಂಟ್ ಹಸಿರಿದ್ರೂ ಸಹ. ಮೆಷಿನ್ ಅಳೆಯೋದು ನಿಂತಿರೋ ಗಾಡಿನ. ಲೋವರ್ ಆರ್ಮ್‌ನ (ಚಕ್ರದ ಬುಡವನ್ನ ಸಬ್‌ಫ್ರೇಮ್‌ಗೆ ಸೇರಿಸೋ ತೋಳು) ಹಿಂದಿನ ಬುಷ್, ಅಂದ್ರೆ ಅದು ಕೂರೋ ರಬ್ಬರ್, ಸೀಳಿದ್ರೆ ನಿಂತಾಗ ಎಲ್ಲ ಸರಿಯಾಗೇ ಕಾಣುತ್ತೆ. ಬ್ರೇಕ್ ಒತ್ತಿದ ತಕ್ಷಣ ಆರ್ಮ್ ಹಿಂದಕ್ಕೆ ಜಾರಿ ಚಕ್ರ ಹೊರಮುಖ ಆಗುತ್ತೆ. ಘಾಟಿ ಇಳಿಯುವಾಗ ಪೂರ್ತಿ ಅದೇ ಸ್ಥಿತಿ.

ಟೋ ಎಷ್ಟು ಕೆಟ್ಟದ್ದು ಅನ್ನೋಕೆ ಲೆಕ್ಕ: ಒಂದು ಚಕ್ರ ಬರೀ 0.25° ತಪ್ಪಿದ್ರೆ ಪ್ರತಿ ಕಿಲೋಮೀಟರಿಗೆ ಸುಮಾರು 4.4 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತೆ.

ಜಾಕ್ ಹಾಕೋ ಮುಂಚೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಎತ್ತಿದ ಮೇಲೆ ಸ್ಟ್ಯಾಂಡ್ ಇಡಿ, ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಚಕ್ರವನ್ನ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ರೆ ಬಾಲ್ ಜಾಯಿಂಟ್ (ಆರ್ಮ್‌ನ ಚಕ್ರದ ಕಡೆಯ ಕೀಲು) ಅಥವಾ ಬೇರಿಂಗ್. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆಟ ನಿಂತುಹೋದ್ರೆ ಬೇರಿಂಗ್. ಎಡ-ಬಲ ಹಿಡಿದಾಗ ಮಾತ್ರ ಆಟ ಇದ್ರೆ ಟೈ ರಾಡ್ (ಸ್ಟೀರಿಂಗಿಂದ ಚಕ್ರ ತಿರುಗಿಸೋ ಸರಳು) ಎಂಡ್. ಬುಷ್‌ಗೆ ಕೈ ಸಾಲಲ್ಲ, ಆರ್ಮ್‌ಗೂ ಸಬ್‌ಫ್ರೇಮ್‌ಗೂ ನಡುವೆ ಸಣ್ಣ ಸಬ್ಬಲ್ ಕೊಟ್ಟು ಮೀಟಿ ನೋಡಬೇಕು.

ಗುಂಯ್ ಸದ್ದಿಗೆ ಬೇರಿಂಗ್ ಅಂತ ಬಿಲ್ ಮಾಡಿಬಿಡ್ತಾರೆ, ಹುಷಾರು. ಮೊದಲು ಮುಂದಿನ ಟೈರ್ ಹಿಂದಕ್ಕೆ ಹಾಕಿ ಓಡಿಸಿ. ಸದ್ದೂ ಹಿಂದಕ್ಕೆ ಹೋದ್ರೆ ಅದು ಟೈರಿಂದೇ.

ಘಟ್ಟದ_ಹ್ಯಾಚ್

ನೋಡಿಸಿದೆ. ಸಂದಿ ಎಡಗಡೆ 11 ಮಿ.ಮೀ., ಬಲಗಡೆ 16. ಬಲ ಕ್ಯಾಂಬರ್ ಕಂಪನಿ ಅಳತೆಯೊಳಗೇ ಇದೆ. ಎಡ ಆರ್ಮ್‌ನ ಹಿಂದಿನ ಬುಷ್ ಸೀಳಿದೆ, ಗ್ರಿಪ್ ಕೂಡ ಒಂದು ಕಡೆಗೆ ಚುಚ್ಚುತ್ತದೆ. ಗ್ಯಾರೇಜಿನವರು ಹೊಸ ಸ್ಟ್ರಟ್ ಬೇಡ, ಕ್ಯಾಂಬರ್ ಬೋಲ್ಟ್ (ಕ್ಯಾಂಬರ್ ತುಸು ಹೊಂದಿಸಲು ಬರುವ ಬೋಲ್ಟ್) ಹಾಕಿದರೆ ಸಾಕು ಎನ್ನುತ್ತಿದ್ದಾರೆ. ಸಾಕಾ?

ಪಾನಾ_17

ಸಾಲದು. ಕ್ಯಾಂಬರ್ ಬೋಲ್ಟ್ ಇರುವುದು ಬಾಗದ ಗಾಡಿಯಲ್ಲಿ ಚೂರುಪಾರು ಹೊಂದಿಸಲು. ಬಾಗಿದ ಸ್ಟ್ರಟ್‌ಗೆ ಅದನ್ನು ಹಾಕಿದರೆ ಪ್ರಿಂಟ್ ಹಸಿರಾಗುತ್ತದೆ, ಒಳಗೆ ರಾಡ್ ಮಾತ್ರ ಸೀಲನ್ನು ಒಂದೇ ಬದಿಗೆ ಒತ್ತುತ್ತಾ ಆಯಿಲ್ ಸೋರಿಸುತ್ತದೆ. ಮೊದಲು ಬಾಗಿದ್ದು ಸ್ಟ್ರಟ್ಟೋ ನಕಲ್ಲೋ ಖಚಿತ ಮಾಡಿಸಿ: ಹೊಸ ಸ್ಟ್ರಟ್ ಕೂರಿಸಿದ ಮೇಲೂ ಸಂದಿ ಕಿರಿದಾಗೇ ಇದ್ದರೆ ನಕಲ್. ಶಾಕ್ ಅಬ್ಸಾರ್ಬರ್ ಜೋಡಿಯಾಗಿ ಬದಲಿಸಿ. ಒಂದು ಹೊಸದು ಒಂದು ಹಳೆಯದಾದರೆ ಬ್ರೇಕ್ ಹಾಕಿದಾಗ ಎರಡೂ ಕಡೆ ಒಂದೇ ಸಮ ತಗ್ಗಲ್ಲ.

ಸ್ಟ್ರಟ್-ನಕಲ್ ಬೋಲ್ಟ್ ಬಿಗಿಯುವಾಗ ಚಕ್ರದ ತಲೆಭಾಗವನ್ನು ಹೊರಕ್ಕೆ ತಳ್ಳಿ ಹಿಡಿಯಲು ಹೇಳಿ. ತೂತಿನ ಸಡಿಲದಲ್ಲೇ ಸ್ವಲ್ಪ ಕ್ಯಾಂಬರ್ ಸಿಗುತ್ತದೆ.

ಬುಷ್_ಮೊದಲು

ಬುಷ್ ಬೋಲ್ಟನ್ನ ಚಕ್ರ ನೇತಾಡ್ತಿರುವಾಗ ಪೂರ್ತಿ ಬಿಗಿದುಬಿಡೋದು ಎಲ್ಲ ಕಡೆ ನಡೆಯೋ ತಪ್ಪು. ಗಾಡಿ ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡೇ ಕೂರುತ್ತೆ, ಬೇಗ ಸೀಳುತ್ತೆ. ಭಾರ ಚಕ್ರದ ಮೇಲೆ ಬಂದಮೇಲೇ ಕೊನೆಯ ಬಿಗಿತ.

ಇಷ್ಟಾದಮೇಲೆ ಅಲೈನ್‌ಮೆಂಟ್, ಅದಕ್ಕೂ ಮುಂಚೆ ಬೇಡ. ಕ್ಯಾಂಬರ್ ಬದಲಾದ್ರೆ ಟೋನೂ ಬದಲಾಗುತ್ತೆ, ಹಳೇ ಪ್ರಿಂಟ್ ಲೆಕ್ಕಕ್ಕಿಲ್ಲ. ಸ್ಟೀರಿಂಗನ್ನ ನೇರ ಇಟ್ಟು ಕ್ಲಾಂಪ್ ಹಾಕಿಸಿ, ಎರಡೂ ಟೈ ರಾಡ್‌ನಲ್ಲಿ ಹೊಂದಿಸಿ ಅನ್ನಿ. ಒಂದರಲ್ಲೇ ಎಳೆದ್ರೆ ಒಟ್ಟು ಟೋ ಸರಿ ಬಂದ್ರೂ ನೇರ ರಸ್ತೇಲಿ ಸ್ಟೀರಿಂಗ್ ಸೊಟ್ಟ ನಿಲ್ಲುತ್ತೆ. ರ‍್ಯಾಕ್‌ನ ರಬ್ಬರ್ ಬೂಟ್ ತಿರುಚಿಕೊಂಡಿದೆಯಾ ಅಂತಲೂ ಒಮ್ಮೆ ಬಗ್ಗಿ ನೋಡಿ.

ಪಾನಾ_17

ಟೈರಿನ ವಿಷಯ ಉಳಿಯಿತು. ಕಾನೂನಿನ ಮಿತಿ 1.6 ಮಿ.ಮೀ., ನಿಮ್ಮ ಒಳ ಅಂಚು 2.1. ಟೈರನ್ನು ರಿಮ್ ಮೇಲೆ ತಿರುಗಿಸಿ ಹಾಕಿ ಇನ್ನಷ್ಟು ಓಡಿಸುವ ಉಪಾಯ ಇದಕ್ಕೆ ತಡವಾಯಿತು. ಒಳಗೆ ತಂತಿ ಕಾಣಿಸಿದರಂತೂ ಗಾಡಿ ತೆಗೆಯಲೇಬೇಡಿ. ಒಳಬದಿ ನೋಡಲು ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿದರೆ ಸಾಕು.

ಎರಡೇ ಹೊಸ ಟೈರ್ ತರುವುದಾದರೆ ಅವನ್ನು ಹಿಂದಕ್ಕೆ ಹಾಕಿಸಿ, ಹಿಂದಿನ 5.5ರವನ್ನು ಮುಂದಕ್ಕೆ ತನ್ನಿ. ಮುಂದಿನ ಚಕ್ರ ಎಳೆಯುವ ಗಾಡಿ, ಹೊಸದು ಮುಂದಕ್ಕೇ ಎಂದು ಅಂಗಡಿಯವರು ವಾದಿಸುತ್ತಾರೆ. ಮಳೆಗಾಲದ ಘಾಟಿ ಇಳಿಜಾರಿನಲ್ಲಿ ಮುಂದಿನದು ಜಾರಿದರೆ ಕಾಲು ತೆಗೆದು ಸುಧಾರಿಸಿಕೊಳ್ಳಬಹುದು, ಹಿಂದಿನದು ಜಾರಿದರೆ ಗಾಡಿ ತಿರುಗಿಬಿಡುತ್ತದೆ. ಬ್ಯಾಲೆನ್ಸಿಂಗ್ ನಾಲ್ಕಕ್ಕೂ ಮಾಡಿಸಿ. ಮುಂದೆ 8,000–10,000 ಕಿ.ಮೀ.ಗೊಮ್ಮೆ ಅದಲುಬದಲು ಮಾಡುವಾಗ ಗೇಜ್ ಇಟ್ಟು ಮೂರೂ ಕಡೆ ಬರೆದಿಡಿ. ಒಳ-ಹೊರ ವ್ಯತ್ಯಾಸ 1 ಮಿ.ಮೀ. ದಾಟುತ್ತಿದ್ದರೆ ಹೊಸ ಪ್ರಿಂಟ್ ತೆಗೆಸಿ ಇಲ್ಲಿ ಹಾಕಿ.