ದೊಡ್ಡಪ್ಪನ ಫಾರ್ವರ್ಡ್, ಗೂಡೆನ್ ಮತ್ತು ನಮ್ಮ ಪುಟ್ಟ

ದೊಡ್ಡಪ್ಪ: *(ಹಲವು ಬಾರಿ ಫಾರ್ವರ್ಡ್ ಆಗಿದೆ)* ಅಮೆರಿಕದ ಬೇಸ್‌ಬಾಲ್ ಆಟಗಾರ ಡ್ವೈಟ್ ಗೂಡೆನ್. 20ನೇ ವಯಸ್ಸಿಗೇ ದೇಶಕ್ಕೆಲ್ಲ ಹೆಸರು. ಹೆತ್ತವರ ಮಾತು ಮೀರಿದ. ಒಂದೇ ರಾತ್ರಿ ಕೊಕೇನ್ ಚಟಕ್ಕೆ ಬಿದ್ದು ಎಲ್ಲ ಕಳೆದುಕೊಂಡ. ಕೊನೆಗೆ ಜೈಲಿನಲ್ಲೇ ಪ್ರಾಣ ಬಿಟ್ಟ. ಆಟದ ಹುಚ್ಚಿರುವ ಮಕ್ಕಳ ಪೋಷಕರೇ, ಹತ್ತು ಜನರಿಗೆ ಕಳಿಸಿ. 🙏

ಅತ್ತೆ: ಅಯ್ಯೋ ಪಾಪ. ಓಂ ಶಾಂತಿ 🙏🙏

ಅಕ್ಕ: ದೊಡ್ಡಪ್ಪ, ಇದನ್ನ ನಮ್ಮ ಪುಟ್ಟನಿಗೆ ಅಂತಲೇ ಹಾಕಿದ್ರಾ?

ದೊಡ್ಡಪ್ಪ: ಯಾರಿಗೂ ಅಂತ ಅಲ್ಲ. ಆದರೆ ಹತ್ತನೇ ಕ್ಲಾಸಿನ ಹುಡುಗ ದಿನಾ ಸಂಜೆ ಕ್ರಿಕೆಟ್ ಕ್ಯಾಂಪಿಗೆ ಹೋಗುತ್ತಾನೆ ಅಂದರೆ ಹಿರಿಯರು ಹೇಳಬೇಕಾದ್ದನ್ನು ಹೇಳಲೇಬೇಕು.

ನಾನು: ದೊಡ್ಡಪ್ಪ, ಗೂಡೆನ್ ಜೈಲಿನಲ್ಲಿ ಸತ್ತಿಲ್ಲ. 2024ರ ಏಪ್ರಿಲ್ 14ರಂದು ನ್ಯೂಯಾರ್ಕ್ ಮೆಟ್ಸ್ ತಂಡ ಅವರ 16ನೇ ನಂಬರಿಗೆ ನಿವೃತ್ತಿ ಕೊಟ್ಟಿತು. ಇನ್ನು ಆ ತಂಡದಲ್ಲಿ ಯಾರೂ ಆ ನಂಬರ್ ಹಾಕುವ ಹಾಗಿಲ್ಲ. ಆ ದಿನ ಗೂಡೆನ್ ಮೈದಾನದಲ್ಲಿ ನಿಂತು ಮಾತಾಡಿದರು. ಇದನ್ನು ಬರೆದವರು ಯಾರು? ಎಲ್ಲಿಂದ ಬಂತು?

ಅತ್ತೆ: ಹಾಗಾದರೆ ಬದುಕಿದ್ದಾರಾ? ಸದ್ಯ. ನಾನು ಹಾಕಿದ್ದನ್ನು ಅಳಿಸುವುದು ಹೇಗೆ ಹೇಳ್ರೋ.

ದೊಡ್ಡಪ್ಪ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತು. ಕಳಿಸಿದವರು ರಿಟೈರ್ಡ್ ಇಂಜಿನಿಯರ್. ಸುಮ್ನೆ ಏನೇನೋ ಕಳಿಸುವವರಲ್ಲ.

ನಾನು: ಇಂಜಿನಿಯರ್ ಕಳಿಸಿದರೂ ಸುಳ್ಳು ಸುಳ್ಳೇ ಅಲ್ವಾ?

ದೊಡ್ಡಪ್ಪ: ನಿನಗೆ ಚಿಕ್ಕಂದಿನಿಂದ ಎಲ್ಲದಕ್ಕೂ ಆಧಾರ ಬೇಕು. ಅಜ್ಜಿ ಕಷಾಯ ಕೊಟ್ಟರೆ ಅದಕ್ಕೂ ಆಧಾರ ಕೇಳಿದವನು.

ಎಡಿಸನ್ ಭಾವ: ನಾನು ಇಲ್ಲಿ ಅಮೆರಿಕಕ್ಕೆ, ನ್ಯೂಜೆರ್ಸಿಯ ಎಡಿಸನ್ ಊರಿಗೆ ಬರುವ ಹೊತ್ತಿಗೆ ಗೂಡೆನ್ ಆಟ ಮುಗಿದಿತ್ತು. ಆದರೆ ನಮ್ಮ ಆಫೀಸಿನ ಹಳಬರ ಹತ್ತಿರ 1985 ಅಂದರೆ ಸಾಕು, ಕೆಲಸ ಬಿಟ್ಟು ಕೂರುತ್ತಾರೆ. 1984ರಲ್ಲಿ 19 ವರ್ಷದ ಹುಡುಗ, ಮೊದಲ ಸೀಸನ್ನು, 276 ಸ್ಟ್ರೈಕ್‌ಔಟ್. ಅಂದರೆ ಮೂರು ಸ್ಟ್ರೈಕ್‌ನಲ್ಲಿ ಬ್ಯಾಟರನ್ನು ಔಟ್ ಮಾಡುವುದು. ಮರುವರ್ಷ 24 ಗೆಲುವು, ನಾಲ್ಕೇ ಸೋಲು. ಒಂಬತ್ತು ಇನಿಂಗ್ಸ್‌ಗೆ, ಅಂದರೆ ಅಲ್ಲಿನ ಒಂದು ಪೂರ್ತಿ ಪಂದ್ಯಕ್ಕೆ, ಸರಾಸರಿ 1.53 ರನ್ ಮಾತ್ರ ಕೊಟ್ಟಿದ್ದ. ಅತ್ಯುತ್ತಮ ಪಿಚರ್‌ಗೆ (ನಮ್ಮ ಬೌಲರ್ ಇದ್ದ ಹಾಗೆ) ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿ ಯಾರೂ ಪಡೆದಿರಲಿಲ್ಲ. ಸ್ಕೋರ್ ಪುಸ್ತಕದಲ್ಲಿ ಸ್ಟ್ರೈಕ್‌ಔಟ್‌ಗೆ ‘ಕೆ’ ಅಂತ ಬರೆಯುತ್ತಾರೆ. ಒಬ್ಬೊಬ್ಬ ಬ್ಯಾಟರ್ ಹಾಗೆ ಔಟಾದಾಗಲೂ ಮೆಟ್ಸ್ ತಂಡದ ಆಗಿನ ಮೈದಾನ ಶೇ ಸ್ಟೇಡಿಯಂ ಗ್ಯಾಲರಿಯಲ್ಲಿ ಜನ ಒಂದೊಂದು ಕೆ ಕಾರ್ಡ್ ನೇತುಹಾಕುತ್ತಿದ್ದರಂತೆ. ಅವರಿಗೆ ‘ಡಾಕ್ಟರ್ ಕೆ’ ಅಂತಲೇ ಹೆಸರು.

ಸಾಗರದ ಅಣ್ಣ: ಭಾವ, ನಮ್ಮಲ್ಲೂ ಇತ್ತಲ್ಲ ಇದು! ಅಡಿಕೆ ಅಂಗಳದಲ್ಲಿ ಚಿಕ್ಕಪ್ಪ ಬೌಲಿಂಗ್ ಹಾಕುವುದು, ವಿಕೆಟ್ ಬಿದ್ದಾಗೆಲ್ಲ ನಾವು ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆಯುವುದು. ಕಾರ್ಕ್ ಬಾಲ್ ಬಚ್ಚಲ ಹಂಡೆಗೆ ಬಡಿದರೆ ಢಣ್ ಅಂತ ಸದ್ದು. ಅಜ್ಜಿ ಒಳಗಿಂದಲೇ ಬೈಗುಳ ಶುರು ಮಾಡುತ್ತಿದ್ದರು. ಎಂಥಾ ದಿನಗಳು!

ಅತ್ತೆ: ಆ ಹಂಡೆ ಈಗಲೂ ನಮ್ಮನೆಯಲ್ಲಿದೆ. ತಗ್ಗು ಹಾಗೇ ಇದೆ.

ಚಿಕ್ಕಪ್ಪ: ಆ ಗೆರೆಗಳ ಮೇಲೆ ಸುಣ್ಣ ಬಳಿಸಿದ್ದು ಯಾರು ಅಂತಲೂ ಹೇಳಿ. ಜಿಲ್ಲಾ ಸೆಲೆಕ್ಷನ್‌ಗೆ ಹೋಗಲು ಬಸ್ ಚಾರ್ಜ್ ಕೇಳಿದರೆ, ಚೆಂಡು ಅನ್ನ ಹಾಕುತ್ತಾ ಅಂತ ಕೇಳಿದವರು ಯಾರು ಅಂತಲೂ.

ದೊಡ್ಡಪ್ಪ: ಆ ವರ್ಷ ತೋಟಕ್ಕೆಲ್ಲ ಕೊಳೆ ರೋಗ ಬಂದಿತ್ತು. ಮನೆಯಲ್ಲಿ ದುಡ್ಡಿರಲಿಲ್ಲ. ಅದನ್ನು ಈಗ ಎತ್ತಬೇಡ.

ಚಿಕ್ಕಪ್ಪ: ದುಡ್ಡಿಲ್ಲ ಅಂದಿದ್ದರೆ ನನಗೆ ಬೇಜಾರಿರಲಿಲ್ಲ ಅಣ್ಣಯ್ಯ. ಚೆಂಡು ಅನ್ನ ಹಾಕುತ್ತಾ ಅಂದೆಯಲ್ಲ, ಅದಕ್ಕೆ ಬೇಜಾರು.

ಅತ್ತೆ: ಇಬ್ಬರೂ ಸುಮ್ಮನಿರಿ. ಮಕ್ಕಳು ನೋಡುತ್ತಿದ್ದಾರೆ.

ದೊಡ್ಡಪ್ಪ: ಸರಿ, ಸತ್ತಿಲ್ಲ. ಕೊಕೇನ್ ಸುಳ್ಳಾ? ಜೈಲು ಸುಳ್ಳಾ?

ನಾನು: ಎರಡೂ ನಿಜ. 2006ರಲ್ಲಿ ಫ್ಲಾರಿಡಾದಲ್ಲಿ ಪ್ರೊಬೇಷನ್ (ಜೈಲಿನ ಬದಲು ಕೋರ್ಟ್ ನಿಗಾದಲ್ಲಿ ಹೊರಗಿರುವುದು) ಷರತ್ತು ಮುರಿದು ಜೈಲಿಗೆ ಹೋದರು.

ದೊಡ್ಡಪ್ಪ: ಅಂದರೆ ಮುಕ್ಕಾಲು ಪಾಲು ನಿಜ ಅಂತಾಯಿತು.

ನಾನು: ಬದುಕಿರುವ ಮನುಷ್ಯನನ್ನು ಸಾಯಿಸಿದ್ದು ಬರೀ ಕಾಲು ಪಾಲು ಸುಳ್ಳಾ ದೊಡ್ಡಪ್ಪ? ‘ಒಂದೇ ರಾತ್ರಿ’ ಅನ್ನುವುದೂ ಸುಳ್ಳು. 1986ರಲ್ಲಿ ಮೆಟ್ಸ್ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಬೇಸ್‌ಬಾಲ್ ಫೈನಲ್, ಗೆದ್ದಿತು. ನ್ಯೂಯಾರ್ಕ್ ಬೀದಿಗಳಲ್ಲಿ ತಂಡದ ಮೆರವಣಿಗೆ. ಗೂಡೆನ್ ಮಾತ್ರ ಅಲ್ಲಿರಲಿಲ್ಲ. ಡ್ರಗ್ಸ್ ಮಾರುವವನ ಮನೆಯಲ್ಲಿ ಕೂತು ತನ್ನದೇ ತಂಡದ ಮೆರವಣಿಗೆಯನ್ನು ಟಿವಿಯಲ್ಲಿ ನೋಡಿದೆ ಅಂತ ಎಷ್ಟೋ ವರ್ಷದ ಮೇಲೆ ಅವರೇ ಹೇಳಿದರು. 1987ರಲ್ಲಿ ಡ್ರಗ್ಸ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಚಿಕಿತ್ಸೆ ತಗೊಂಡು ಜೂನ್‌ನಲ್ಲಿ ವಾಪಸ್ ಬಂದು ಅದೇ ವರ್ಷ 15 ಪಂದ್ಯ ಗೆದ್ದರು. 1991ರಲ್ಲಿ ಭುಜದ ಆಪರೇಷನ್. 1994ರಲ್ಲಿ ಮತ್ತೆ ಸಿಕ್ಕಿಬಿದ್ದು 1995 ಪೂರ್ತಿ ಆಟದಿಂದ ಹೊರಗೆ. ವರ್ಷಗಟ್ಟಲೆ ಬೀಳುವುದು, ಏಳುವುದು ನಡೆದಿತ್ತು. ಅದು ಕಾಯಿಲೆ. ಅದನ್ನು ಒಂದು ರಾತ್ರಿಯ ಪೊಗರು ಅಂತ ಬರೆದರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಹೆತ್ತವರ ಮಾತು. ಅವರಿಗೆ ಆಟ ಕಲಿಸಿದ್ದೇ ಅಪ್ಪ. 1996ರ ಮೇ 14ರಂದು ನ್ಯೂಯಾರ್ಕಿನ ಇನ್ನೊಂದು ತಂಡ ಯಾಂಕೀಸ್ ಪರ ಆಡುತ್ತಾ ಗೂಡೆನ್ ಎದುರಾಳಿಗೆ ಪಂದ್ಯ ಪೂರ್ತಿ ಒಂದೇ ಒಂದು ಹಿಟ್ ಕೊಡಲಿಲ್ಲ. ಮಾರನೇ ದಿನ ಅಪ್ಪನಿಗೆ ಹೃದಯದ ಆಪರೇಷನ್ ಇತ್ತು. ಅಪ್ಪನ ಚಿಂತೆ ತಲೆಯಲ್ಲಿಟ್ಟುಕೊಂಡೇ ಎಸೆದರು.

ಅಕ್ಕ: ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ ನೋಡಿ.

ಎಡಿಸನ್ ಭಾವ: ಇನ್ನೊಂದಿದೆ. 22 ತುಂಬುವ ಮೊದಲೇ ಮೂರು ಸೀಸನ್‌ನಲ್ಲಿ ಅವರಿಂದ 744 ಇನಿಂಗ್ಸ್ ಎಸೆಸಿದ್ದರು. ತೋಳು ಅಲ್ಲೇ ಸವೆಯಿತು ಅನ್ನುವವರು ಇಲ್ಲಿ ಬೇಕಾದಷ್ಟು ಜನ. ಡ್ರಗ್ಸಾ, ತೋಳಾ ಅಂತ ಈಗಲೂ ಜಗಳ ಆಡುತ್ತಾರೆ.

ಚಿಕ್ಕಪ್ಪ: ಪುಟ್ಟನಿಗೆ ದಿನಕ್ಕೆ ಎಷ್ಟು ಓವರ್ ಹಾಕಿಸುತ್ತಾರೆ?

ಅಕ್ಕ: ಮ್ಯಾಚಿನಲ್ಲಿ ಲೆಕ್ಕ ಇದೆ. ನೆಟ್ಸ್‌ನಲ್ಲಿ ಯಾರೂ ಎಣಿಸಲ್ಲ ಚಿಕ್ಕಪ್ಪ. ಮೊನ್ನೆಯಿಂದ ಭುಜ ನೋವು ಅಂತಿದ್ದಾನೆ.

ಚಿಕ್ಕಪ್ಪ: ಎಣಿಸಲ್ವಾ? ಬೆಳೆಯುವ ಹುಡುಗ ಅವನು. ನಾಳೆ ನೆಟ್ಸ್‌ಗೆ ಕಳಿಸಬೇಡ, ಮೊದಲು ಡಾಕ್ಟರಿಗೆ ತೋರಿಸು. ಭಾನುವಾರ ನಾನೇ ಬಂದು ಕೋಚ್ ಹತ್ತಿರ ಮಾತಾಡುತ್ತೇನೆ.

ನಾನು: ದೊಡ್ಡಪ್ಪ, ಆ ಫಾರ್ವರ್ಡ್ ಅಳಿಸಿಬಿಡಿ. ದಯವಿಟ್ಟು.

ದೊಡ್ಡಪ್ಪ: ಇಲ್ಲಿ ಅಳಿಸುತ್ತೇನೆ. ವಾಕಿಂಗ್ ಗುಂಪಿನಲ್ಲಿ ಆಗಲೇ ಎಲ್ಲರೂ ಓಂ ಶಾಂತಿ ಹಾಕಿಯಾಗಿದೆ, ಅವರಿಗೆ ಏನು ಹೇಳಲಿ?

ನಾನು: ಬದುಕಿದ್ದಾರೆ ಅಂತ ಹೇಳಿ.

ದೊಡ್ಡಪ್ಪ: ನೋಡೋಣ. ತಮ್ಮಾ, ಭಾನುವಾರ ಹೋದಾಗ ಪರೀಕ್ಷೆ ಸಮಯದಲ್ಲಿ ಕ್ಯಾಂಪಿಗೆ ರಜಾ ಕೊಡುತ್ತಾರಾ ಅಂತಲೂ ಕೋಚ್‌ನ ಕೇಳು.