ಗೆರೆ ಹಾಕಿಕೊಳ್ಳದೆ ತೈಲವರ್ಣ: ಬಣ್ಣ ಕೆಸರಾಗುವುದೇಕೆ?

ಪ್ರಶ್ನೆ (ತುಮಕೂರು):
ದೇವರಾಯನದುರ್ಗದ ಬಂಡೆಗಳನ್ನು ಪೆನ್ಸಿಲ್ ಗೆರೆಯಿಲ್ಲದೆ, ಆ ಕ್ಷಣಕ್ಕೆ ತೋಚಿದ ಬಣ್ಣದಿಂದಲೇ ಆರಂಭಿಸಿ ಕ್ಯಾನ್ವಾಸಿಗೆ ತರಲು ಯತ್ನಿಸುತ್ತಿದ್ದೇನೆ; ಆದರೆ ಮೂರನೆಯ ಪದರಕ್ಕೆ ಬರುವಷ್ಟರಲ್ಲಿ ಎಲ್ಲವೂ ಕೆಸರಿನಂತಾಗುತ್ತದೆ. ಮೊದಲೇ ಯೋಜಿಸದಿರುವುದು ತಪ್ಪೇ?

ಉತ್ತರ (ಕೋಲಾರ):
ತಪ್ಪು ಆತುರದ್ದು. ತೈಲವರ್ಣದಲ್ಲಿರುವ ಅಗಸೆ ಎಣ್ಣೆಯು ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಹಸಿ ನೀಲಿಯ ಮೇಲೆ ಕಿತ್ತಳೆಯನ್ನು ಉಜ್ಜಿದರೆ ಎರಡೂ ಬೆರೆತು ಮಂಕಾಗುತ್ತವೆ. ಅಂತಹ ಕಡೆ ನಾನು ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತೇನೆ. ಉಳಿದ ಕಲೆಯಲ್ಲೇ ಎಷ್ಟೋ ಸಲ ಬಂಡೆಯ ನೆರಳು ಸಿಕ್ಕಿದೆ.

ಉತ್ತರ (ಚಿಕ್ಕಬಳ್ಳಾಪುರ):
ಕೈ ಹೋದತ್ತ ಹೋಗಲಿ, ಆದರೆ ಕೆಳಪದರವು ಟರ್ಪೆಂಟೈನ್ (ಬಣ್ಣವನ್ನು ತೆಳುವಾಗಿಸುವ ದ್ರವ) ಬೆರೆತು ತೆಳುವಾಗಿರಲಿ, ಮೇಲಿನವುಗಳಲ್ಲಿ ಎಣ್ಣೆ ಹೆಚ್ಚಲಿ; ತಿರುಗುಮುರುಗಾದರೆ ಬಿರುಕು ಬಿಡುತ್ತದೆ. ಟರ್ಪೆಂಟೈನ್ ಆವಿ ಹೊರಹೋಗಲು ಕಿಟಕಿ ತೆರೆದಿಡಿ.

ಪ್ರಶ್ನಿಸಿದವರು:
ಒರೆಸಿ ನೋಡಿದೆ; ಎಡಮೂಲೆಯಲ್ಲಿ ಒಂದು ಬಂಡೆ ಉಳಿದಿದೆ.